ಅಮೋಸ್ ಪೆಂಡ್ಲಿಯ ಅಂಗಡಿ ವಿಳಾಸ

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಮನೆಗೆ ಬಂದವರು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿರುವ ಬೂದುಬಣ್ಣದ ಕಾಗದವನ್ನು ನೋಡಿ, “ಮಗಳು ಸ್ಕೂಲಲ್ಲಿ ಮಾಡಿದ್ದಾ?” ಎಂದು ಕೇಳುತ್ತಾರೆ. ನಮ್ಮ ಮಗಳು ಸ್ಕೂಲು ಮುಗಿಸಿ, ಕಾಲೇಜೂ ಮುಗಿಸಿ, ಈಗ ಸಿಯಾಟಲ್‌ನಲ್ಲಿ ಬಾಡಿಗೆ ಮನೆ ಹಿಡಿದು ಕೂತಿದ್ದಾಳೆ. ಅದು ಮಕ್ಕಳ ಕೈಕೆಲಸವಲ್ಲ, ಕೊಡಗಿನ ಒಂದು ಕೋವಿಯ ನಳಿಗೆ ಮೇಲಿನ ಅಕ್ಷರಗಳನ್ನು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು ಎಂದರೆ ಬಂದವರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡುತ್ತಾರೆ. ಸಾರು, ಹುಳಿ, ಮೊಸರನ್ನದ ಹೆಂಗಸು ನಾನು. ಜಿರಲೆ ಕಂಡರೆ ಕುರ್ಚಿ ಹತ್ತುತ್ತೇನೆ. ನನಗೂ ಕೋವಿಗೂ ಎತ್ತಣಿಂದೆತ್ತ ಸಂಬಂಧ ಎಂದು ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ.

ಹಾಗೆ ನೋಡಿದರೆ ಉಜ್ಜುವ ಚಟ ನನಗೆ ಚಿಕ್ಕಂದಿನಿಂದಲೂ ಇತ್ತು. ಮೈಸೂರಿನಲ್ಲಿ ನಾವಿದ್ದ ಮನೆಯ ಜಗಲಿಯ ಮೇಲೆ ಕೂತು ಕಾಗದದ ಕೆಳಗೆ ಹತ್ತು ಪೈಸೆ ನಾಣ್ಯ ಇಟ್ಟು ಪೆನ್ಸಿಲಿನಿಂದ ಉಜ್ಜುತ್ತಿದ್ದೆ. ಹೂವಿನ ದಳದ ಹಾಗೆ ಅಂಚಿದ್ದ ಆ ನಾಣ್ಯ ಕಾಗದದ ಮೇಲೆ ಮೆಲ್ಲಗೆ ಏಳುವುದನ್ನು ನೋಡುವುದೇ ಒಂದು ಸುಖ. ಅಣ್ಣ ಅದನ್ನು ಕತ್ತರಿಸಿಕೊಂಡು ಹೋಗಿ ಶೆಟ್ಟರ ಅಂಗಡಿಯಲ್ಲಿ ಪೆಪ್ಪರಮಿಂಟು ಕೇಳಿ ಬೈಸಿಕೊಂಡಿದ್ದ. ಇನ್ನು ಸದ್ದಿನ ವಿಷಯಕ್ಕೆ ಬಂದರೆ, ನನ್ನಂಥ ಪುಕ್ಕಲಿ ನಮ್ಮ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ದಸರೆಯಲ್ಲಿ ಕುಶಾಲತೋಪು ಹಾರಿಸುವಾಗ ಊರಿನ ಮಕ್ಕಳೆಲ್ಲ ಅಪ್ಪಂದಿರ ಹೆಗಲ ಮೇಲೆ ಕೂತು ಕೇಕೆ ಹಾಕಿದರೆ ನಾನು ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದೆ. ದೀಪಾವಳಿಗೆ ಅಣ್ಣನ ಕೇಪಿನ ಪಿಸ್ತೂಲು ಕೂಡ ನನ್ನನ್ನು ಓಡಿಸುತ್ತಿತ್ತು. ಆ ಕೆಂಪು ಸುರುಳಿಯ ಕೇಪು ಸುಟ್ಟ ವಾಸನೆ ಮಾತ್ರ ಇಷ್ಟವಾಗುತ್ತಿತ್ತು. ಅವನು ಅತ್ತ ಹೋದ ಮೇಲೆ ಬಂದು ಆ ವಾಸನೆಯನ್ನು ಮೂಸಿಕೊಂಡು ನಿಲ್ಲುತ್ತಿದ್ದೆ.

ಈಗ ಚೆಂಗಪ್ಪ ಅಂಕಲ್ ವಿಷಯ ಹೇಳಬೇಕು. ನಾವು ಹೊಸದಾಗಿ ಈ ದೇಶಕ್ಕೆ ಬಂದಾಗ ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿದ್ದವರು ಅವರು ಮತ್ತು ಅವರ ಹೆಂಡತಿ ಮುತ್ತಮ್ಮ ಆಂಟಿ. ಕೊಡಗಿನವರು. ಅಂಕಲ್ ಸರ್ಕಾರದ ಯಾವುದೋ ಲ್ಯಾಬಿನಲ್ಲಿ ಇಲಿ ಮೊಲಗಳ ಡಾಕ್ಟರಾಗಿದ್ದು ಆಮೇಲೆ ರಿಟೈರಾದರು. ಶನಿವಾರ ಅವರ ಅಡುಗೆಮನೆಯಿಂದ ಹಂದಿ ಮಾಂಸದ ಘಮ ಗೋಡೆ ದಾಟಿ ಬಂದರೆ ನಾನು ಮೂಗಿಗೆ ಸೆರಗು ಹಿಡಿಯುತ್ತಿದ್ದೆ, ನನ್ನ ಗಂಡ ಮಾತ್ರ ಯಾಕೋ ಕಿಟಕಿ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಭಾನುವಾರ ಅಂಕಲ್ ತಮ್ಮ ದೊಡ್ಡ ಕಾರಿನಲ್ಲಿ ನಮ್ಮನ್ನೂ ಹತ್ತಿಸಿಕೊಂಡು ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೊರಡುತ್ತಿದ್ದರು. ನಾವು ಒಳಗೆ ಪ್ರದಕ್ಷಿಣೆ ಹಾಕುವಷ್ಟರಲ್ಲಿ ಅವರು ಕೆಳಗಿನ ಕ್ಯಾಂಟೀನಿನಲ್ಲಿ ಎರಡನೇ ದೋಸೆಯಲ್ಲಿರುತ್ತಿದ್ದರು. “ದೇವ್ರಿಗೆ ನಾನು ಬಂದದ್ದು ಗೊತ್ತುಂಟು ವತ್ಸಲಾ, ಅಟೆಂಡೆನ್ಸ್ ಹಾಕ್ತಾನೆ” ಎನ್ನುತ್ತಿದ್ದರು.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಮುತ್ತಮ್ಮ ಆಂಟಿ ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ಆ ಕಾಲದ ಸಾವುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ, ನಿಮ್ಮ ಮನೆಯಲ್ಲೂ ಒಂದಾಗಿರಬಹುದು. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರನ್ನು ಬಿಟ್ಟರು. ನಾವೆಲ್ಲ ದೂರದೂರ ನಿಂತೆವು. ಮಾಸ್ಕಿನೊಳಗೆ ಅಳುವುದು ಎಷ್ಟು ಕಷ್ಟ ಎಂದು ನನಗೆ ಆವತ್ತು ಗೊತ್ತಾಯಿತು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅಂಕಲ್ ಬಹಳ ಹೊತ್ತು ನಿಂತಿದ್ದರು. ಯಾರನ್ನೋ ಕಾಯುತ್ತಿದ್ದಾರೆ ಅಂದುಕೊಂಡೆ.

ಅವರು ಕಾಯುತ್ತಿದ್ದುದು ಏನನ್ನು ಎನ್ನುವುದು ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ಅವರ ಮಗಳು ಕಾವೇರಿ ಅಪ್ಪನನ್ನು ನಾರ್ತ್ ಕೆರೊಲಿನಾದ ರಾಲಿಯ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪನ ಎದೆಯ ಕಾಯಿಲೆ ಹೆಚ್ಚಾಗಿ ಮೂಗಿಗೆ ಆಕ್ಸಿಜನ್ ನಳಿಕೆ ಬಂದಿತ್ತು. ನಾವು ರಾಲಿಗೆ ಡ್ರೈವ್ ಮಾಡಿಕೊಂಡು ನೋಡಲು ಹೋದಾಗ ಅಂಕಲ್ ನನ್ನನ್ನು ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಕೂರಿಸಿಕೊಂಡು ಹೇಳಿದರು.

“ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು. ಸತ್ರೆ ಎರಡು, ಜೊತೆಜೊತೆಗೆ. ಊರಿಗೆ ಹೇಳೋದು ಹಾಗೆ. ಮುತ್ತಮ್ಮ ಹೋದಾಗ ಯಾರೂ ಹೊಡೀಲಿಲ್ಲ. ಕಳ್ಳರ ಹಾಗೆ ಕಳಿಸಿಬಿಟ್ವಿ ಅವಳನ್ನ.”

ನಾನು ಅವರ ಕೈ ಹಿಡಿದುಕೊಂಡೆ.

“ನನಗಾದ್ರೂ ಆಗ್ಬೇಕು ಅದು. ಊರಲ್ಲಿ ನಮ್ಮನೇದು ಜೋಡಿ ನಳಿಗೆ ಕೇಪಿನ ಕೋವಿ ಉಂಟು. ಅದನ್ನ ತರಿಸ್ಬೇಕು.”

ಇಲ್ಲಿ ನನ್ನ ಪೆದ್ದುತನ ಮಾತಾಡಿತು. “ಅಂಕಲ್, ಈ ನಾರ್ತ್ ಕೆರೊಲಿನಾದಲ್ಲಿ ಗನ್‌ಗೆ ಏನು ಬರ? ಬರೋವಾಗ ದಾರೀಲೇ ನಾಲ್ಕು ಅಂಗಡಿ ನೋಡಿದ್ವಿ. ಇಲ್ಲೇ ಒಂದು ತಗೊಂಡ್ರೆ ಆಗಲ್ವಾ?”

ಅವರಿಗೆ ಕೋಪ ಬರಲಿಲ್ಲ. ಇಲಿ ಮೊಲಗಳ ಬಗ್ಗೆ ಹೊಸಬರಿಗೆ ಹೇಳಿಕೊಡುತ್ತಿದ್ದ ದನಿಯಲ್ಲೇ ಹೇಳಿದರು. “ಒಂದೊಂದು ಮನೆ ಕೋವಿಗೆ ಒಂದೊಂದು ಸ್ವರ ಉಂಟು ಮಾರಾಯ್ತಿ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡ್ತಾ ಇದ್ದವರು ತಲೆ ಎತ್ತದೇ ಹೇಳ್ತಿದ್ರು, ಇದು ಇಂಥವರ ಮನೇದು, ಹೋದ್ರು ಅಂತ. ಅಂಗಡಿ ಗನ್ ಹೊಡೆದ್ರೆ ಯಾರೋ ಸತ್ತ ಹಾಗೆ ಆಗ್ತದೆ. ನಾನು ಸತ್ತ ಹಾಗೆ ಆಗೋದಿಲ್ಲ.”

ಹೀಗೆ ಶುರುವಾಯಿತು ನನ್ನ ಕೋವಿ ಪುರಾಣ. ಯಾವುದೋ ಕಾಲದಲ್ಲಿ ಅವರ ಮುತ್ತಜ್ಜ ಒಬ್ಬ ಕಾಫಿ ತೋಟದ ಸಾಹೇಬನಿಂದ ಪಡೆದ ಕೋವಿಯಂತೆ. ಈ ದೇಶದ ಕಾನೂನಿನಲ್ಲಿ ಒಂದು ಕಿಂಡಿ ಇದೆ ಎಂದು ಅಂಕಲ್ ಆಗಲೇ ಓದಿಟ್ಟುಕೊಂಡಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯೊಳಗೆ ಮಾಡಿದ್ದು ಎಂದು ತೋರಿಸಿದರೆ ಅಂಥ ಕೋವಿಯನ್ನು ಇಲ್ಲಿ ಬಂದೂಕು ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಳೇ ಸಾಮಾನು ಎಂದು ಒಳಗೆ ಬಿಡುತ್ತಾರೆ. ಹಾಗಾದರೆ ಅದು ಯಾವ ಕಾಲದ್ದು ಎಂದು ಯಾರಾದರೂ ಪತ್ತೆ ಮಾಡಬೇಕು. “ನೀನು ಸಾಫ್ಟ್‌ವೇರ್ ಟೆಸ್ಟರ್ ಅಲ್ವಾ, ತಪ್ಪು ಹುಡುಕೋದೇ ನಿನ್ನ ಕೆಲಸ. ಇದನ್ನೂ ಹುಡುಕು” ಎಂದರು. ಆ ಹೊತ್ತಿಗೆ ನನ್ನ ಆಫೀಸಿನವರು ನಮ್ಮನ್ನೆಲ್ಲ ಮನೆಯಲ್ಲೇ ಕೂರಿಸಿದ್ದರು, ಕೂತು ಕೂತು ನನಗೂ ತಲೆ ಕೆಟ್ಟಿತ್ತು. ಒಪ್ಪಿಕೊಂಡೆ.

ಊರಿನಲ್ಲಿ ಕೋವಿ ಇದ್ದದ್ದು ಅಂಕಲ್ ತಮ್ಮನ ಮಗ ಬೋಪಣ್ಣನ ಹತ್ತಿರ. ವಿಡಿಯೊ ಕಾಲಿನಲ್ಲಿ ಪರಿಚಯವಾದ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಏನೋ ಬರಹ ಕೆತ್ತಿದೆ, ಫೋಟೊದಲ್ಲಿ ಕಾಣುವುದಿಲ್ಲ ಎಂದ. ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಂದೆ. ನನ್ನ ಹತ್ತು ಪೈಸೆ ವಿದ್ಯೆ! “ಆಂಟಿ, ಪೆನ್ಸಿಲ್ ಯಾವ್ದು, ಎಚ್‌ಬಿನಾ?” ಎಂದು ಬಹಳ ಶ್ರದ್ಧೆಯಿಂದ ಕೇಳಿದ. ಅಂಚೆಯಲ್ಲಿ ಬಂದ ಕಾಗದದಲ್ಲಿ ‘ಅಮೋಸ್ ಪೆಂಡ್ಲಿ’ ಎಂಬ ಹೆಸರು, ಒಂದು ಬೀದಿ, ‘ಲಂಡನ್’ ಎಲ್ಲ ಇತ್ತು. ಅಂಗಡಿಯ ನಂಬರು ಇರಬೇಕಾದ ಕಡೆ ಮಾತ್ರ ಬರೀ ಮಸಿ. ಕಾರಣ ಕೇಳಿದರೆ, ಪ್ರತಿ ವರ್ಷ ಅವರ ಆಯುಧದ ಹಬ್ಬದಲ್ಲಿ ಕೋವಿಗೆ ಗಂಧ ಹಚ್ಚಿ, ನಳಿಗೆಗೆ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ತಲೆಮಾರುಗಳ ಗಂಧ ಆ ಗುಳಿಯೊಳಗೆ ಕೂತು ಕಲ್ಲಾಗಿದೆ.

“ಕೆರೆದು ತೆಗೀಬಹುದಾ?” ಎಂದೆ.

“ಅಮ್ಮನ್ನ ಕೇಳ್ಬೇಕು” ಎಂದ ಬೋಪಣ್ಣ. ಅವನ ಅಮ್ಮ ಒಪ್ಪಲಿಲ್ಲ. ದೇವರಿಗೆ ಹಚ್ಚಿದ ಗಂಧವನ್ನು ಯಾರಾದರೂ ಕೆರೆಯುತ್ತಾರಾ ಎಂದು ಹಿಂದಿನಿಂದ ಗದರುವುದು ನನಗೂ ಕೇಳಿಸಿತು. ನಂಬರು ಇಲ್ಲದೆಯೇ ಹುಡುಕಲು ಕೂತೆ.

ನಿಮಗೆ ಈ ಹುಡುಕಾಟದ ರುಚಿ ಗೊತ್ತಿಲ್ಲದಿದ್ದರೆ ಒಂದು ಮಾತು ಹೇಳುತ್ತೇನೆ, ಇದಕ್ಕೆ ಕೈ ಹಾಕಬೇಡಿ. ಒಲೆ ಮೇಲಿಟ್ಟ ಹಾಲು ಉಕ್ಕುತ್ತದೆ. ಆ ಇಂಗ್ಲಿಷರು ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಜನಗಣತಿ ಬರೆದಿಟ್ಟಿದ್ದಾರೆ, ಊರೂರಿನ ವ್ಯಾಪಾರಿಗಳ ಹೆಸರು ವಿಳಾಸಗಳ ದಪ್ಪ ದಪ್ಪ ಪುಸ್ತಕ ಅಚ್ಚು ಹಾಕಿದ್ದಾರೆ, ಯಾರು ದಿವಾಳಿಯಾದರು ಎಂಬುದನ್ನು ಪೇಪರಿನಲ್ಲಿ ಹಾಕಿಸಿ ಜಗಜ್ಜಾಹೀರು ಮಾಡಿದ್ದಾರೆ. ಎಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ. ನಮ್ಮ ಅಜ್ಜಿ ಯಾವ ಊರಲ್ಲಿ ಹುಟ್ಟಿದ್ದು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಮೂರು ಜನ ಮೂರು ಊರಿನ ಹೆಸರು ಹೇಳುತ್ತಾರೆ. ಯಾವನೋ ಅಮೋಸ್ ಪೆಂಡ್ಲಿಯ ಮನೆಯಲ್ಲಿ ಬಾಡಿಗೆಗಿದ್ದವಳ ವಯಸ್ಸು ನನಗೆ ಬಾಯಿಪಾಠವಾಗಿತ್ತು!

ಅಮೋಸ್ ಮೊದಲು ಕಂಡದ್ದು ಬರ್ಮಿಂಗ್‌ಹ್ಯಾಮಿನ ಒಂದು ಸಂದಿಯಲ್ಲಿ, ಮೊಳೆ ಮಾಡುವವನ ಮಗನಾಗಿ. ಮುಂದಿನ ಗಣತಿಯ ಹೊತ್ತಿಗೆ ಕೋವಿಯ ಕುದುರೆಗಳನ್ನು, ಎಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆಗಳನ್ನು, ಅರದಿಂದ ಉಜ್ಜುವ ಕೆಲಸ. ಆ ಊರಿನಲ್ಲಿ ಒಂದು ಕೋವಿಯನ್ನು ಒಬ್ಬನೇ ಮಾಡುತ್ತಿರಲಿಲ್ಲವಂತೆ. ನಳಿಗೆ ಒಂದು ಸಂದಿಯಲ್ಲಿ, ಮರದ ಹಿಡಿ ಇನ್ನೊಂದರಲ್ಲಿ, ಕೆತ್ತನೆ ಮತ್ತೊಂದರಲ್ಲಿ. ಕೊನೆಗೆ ಎಲ್ಲ ಜೋಡಿಸಿ ಮಾರುವವನ ಹೆಸರು ಮೇಲೆ. ಇದನ್ನು ಓದಿದಾಗ ನನಗೆ ನಮ್ಮ ಆಫೀಸೇ ಕಣ್ಣ ಮುಂದೆ ಬಂತು. ನಾವು ಇಪ್ಪತ್ತು ಜನ ಕಣ್ಣು ಕಳೆದುಕೊಂಡು ಮಾಡಿದ್ದಕ್ಕೆ ಮೇಲಿನವನ ಹೆಸರೇ ತಾನೆ ಬೀಳುವುದು. ಅಮೋಸ್ ಮಾತ್ರ ಗಟ್ಟಿಗ, ಉಜ್ಜುವವನಾಗಿದ್ದವನು ಹೆಸರು ಕೆತ್ತಿಸಿಕೊಳ್ಳುವವನಾದ. ಮದುವೆಯಾದ. ವಿಲಿಯಂ ಎಂಬ ಮಗ ಹುಟ್ಟಿದ. ಲಂಡನ್ನಿಗೆ ಹೋಗಿ ಅಂಗಡಿ ಇಟ್ಟ.

ಇಲ್ಲಿ ನಾನು ಒಂದು ವಾರ ಎಡವಿದೆ. ಒಂದು ಗಣತಿಯಲ್ಲಿ ವಿಲಿಯಂಗೆ ಆರು ವರ್ಷ, ಹತ್ತು ವರ್ಷ ಕಳೆದ ಮುಂದಿನ ಗಣತಿಯಲ್ಲಿ ನಾಲ್ಕು ವರ್ಷ. ಬರೆದವನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಬೈದುಕೊಂಡೆ. ಆಮೇಲೆ ಚರ್ಚಿನ ದಾಖಲೆಯಲ್ಲಿ ನೋಡಿದರೆ ಮೊದಲನೇ ವಿಲಿಯಂ ತೀರಿಕೊಂಡಿದ್ದಾನೆ, ಆಮೇಲೆ ಹುಟ್ಟಿದವನಿಗೆ ಅದೇ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ನಮ್ಮ ದೊಡ್ಡಪ್ಪನಿಗಿಂತ ಮುಂಚೆ ಹುಟ್ಟಿದ್ದ ಇಬ್ಬರು ಕೈಬಿಟ್ಟು ಹೋದದ್ದಕ್ಕೆ ಅಜ್ಜಿ ದೊಡ್ಡಪ್ಪನನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪಣ್ಣ ಎಂದು ಹೆಸರಿಟ್ಟು, ಮೂಗು ಚುಚ್ಚಿಸಿದ್ದರಂತೆ, ಇಂಥ ಕಸದ ಮೇಲೆ ಯಮನ ಕಣ್ಣು ಬೀಳದಿರಲಿ ಎಂದು. ಹೋದ ಮಕ್ಕಳ ಹೆಸರನ್ನು ಅಜ್ಜಿ ಸಾಯುವವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಅಮೋಸನ ಹೆಂಡತಿ ಅದೇ ಹೆಸರನ್ನು ದಿನವೂ ಕೂಗುತ್ತಿದ್ದಳು. ಯಾರ ಸಂಕಟ ಹೆಚ್ಚಿನದು ಎಂದು ಹೇಳುವುದು ನನ್ನಿಂದ ಆಗುವುದಿಲ್ಲ.

ಲಂಡನ್ ಅಂಗಡಿ ಬಹಳ ವರ್ಷ ನಡೆಯಲಿಲ್ಲ. ಪೇಪರಿನಲ್ಲಿ ಅವನ ದಿವಾಳಿಯ ಸುದ್ದಿ ಸಿಕ್ಕ ದಿನ ನಾನು ಮಂಕಾಗಿ ಕೂತಿದ್ದೆ. ನನ್ನ ಗಂಡ “ಏನಾಯ್ತೇ, ಇಂಡಿಯಾದಿಂದ ಫೋನ್ ಬಂತಾ?” ಎಂದು ಗಾಬರಿಯಾದರು. “ಅಮೋಸ್ ಅಂಗಡಿ ಮುಚ್ಚಿದ” ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಅನ್ನಕ್ಕಿಡಲು ಹೋದರು. ಆಮೇಲಿನ ಗಣತಿಯಲ್ಲಿ ಅವನು ಮತ್ತೆ ಬರ್ಮಿಂಗ್‌ಹ್ಯಾಮಿನಲ್ಲಿ, ಯಾರದೋ ಮನೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಕೊನೆಗೆ ಕಂಡದ್ದು ದಿಕ್ಕಿಲ್ಲದವರನ್ನು ಸೇರಿಸುವ ಮನೆಯಲ್ಲಿ. ಕಸುಬು ಎಂಬಲ್ಲಿ ‘ಹಿಂದೆ ಬಂದೂಕು ಮಾಡುತ್ತಿದ್ದವ’ ಎಂದಿತ್ತು. ಅಲ್ಲೇ ತೀರಿಕೊಂಡ.

ಇದನ್ನೆಲ್ಲ ಫೋನಿನಲ್ಲಿ ಅಂಕಲ್‌ಗೆ ಹೇಳುತ್ತಿದ್ದೆ. ನಮ್ಮ ಸಂಜೆಯ ಧಾರಾವಾಹಿ ಅದು. ಅವರು ಉಸಿರಿನ ಮಧ್ಯೆ ಮಧ್ಯೆ ಹೂಂಗುಟ್ಟುತ್ತಿದ್ದರು. ಅಮೋಸ್ ಸತ್ತ ಕತೆ ಹೇಳಿದ ದಿನ ನನ್ನನ್ನು ನಡುವೆಯೇ ತಡೆದರು.

“ಅವನಿಗೆ ಯಾರಾದ್ರೂ ಗುಂಡು ಹೊಡೆದ್ರಾ?” ಎಂದು ಕೇಳಿದರು.

“ಅವರಲ್ಲಿ ಆ ಪದ್ಧತಿ ಇಲ್ಲ ಅಂಕಲ್.”

“ಎಷ್ಟು ಕೋವಿ ಮಾಡಿರ್ಬೇಕು ಪಾಪ” ಎಂದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡನೇ ವಿಲಿಯಂ ಬದುಕುಳಿದಿದ್ದ. ಅವನು ದೊಡ್ಡವನಾಗಿ ಅದೇ ಲಂಡನ್ ಬೀದಿಯಲ್ಲಿ, ಅಪ್ಪನದೇ ಹೆಸರಿನಲ್ಲಿ, ಬೇರೊಂದು ನಂಬರಿನಲ್ಲಿ ಮತ್ತೆ ಅಂಗಡಿ ಇಟ್ಟ. ಅದು ಹೊಸ ಶತಮಾನಕ್ಕೂ ನಡೆಯಿತು. ಹಳೆಯ ಮಾದರಿಯ ಕೇಪಿನ ಕೋವಿಗಳನ್ನು ನಮ್ಮಂಥ ದೇಶಗಳಿಗೆ ಕಳಿಸಲೆಂದು ಅವರು ಆಮೇಲೂ ಮಾಡುತ್ತಲೇ ಇದ್ದರಂತೆ. ಅಪ್ಪನ ಅಂಗಡಿ ಒಂಬತ್ತನೇ ನಂಬರು, ಮಗನದು ಮೂವತ್ತೊಂದು. ಒಂಬತ್ತಾದರೆ ಕೋವಿ ಬರುತ್ತದೆ, ಮೂವತ್ತೊಂದಾದರೆ ಇಲ್ಲ. ಎಲ್ಲವೂ ಆ ಗಂಧದ ಕೆಳಗೆ ಕೂತಿತ್ತು.

ಅಂಕಲ್ ನನ್ನನ್ನೂ ಲೈನಿನಲ್ಲಿಟ್ಟುಕೊಂಡು ತಾವೇ ಫೋನ್ ಮಾಡಿ ಬೋಪಣ್ಣನ ಅಮ್ಮನನ್ನು ಒಪ್ಪಿಸಿದರು. ಏನು ಹೇಳಿದರೋ, ಅವರ ಭಾಷೆ ನನಗೆ ಅರ್ಥವಾಗಲಿಲ್ಲ, ಆದರೆ ಆ ಕಡೆ ಆಕೆ ಅಳುತ್ತಿದ್ದುದು ಅರ್ಥವಾಯಿತು. ಹಬ್ಬ ಕಳೆದ ಮೇಲೆ, ದೀಪ ಹಚ್ಚಿಟ್ಟು, ಆಕೆಯೇ ಬಿಸಿನೀರಿನ ಬಟ್ಟೆಯಿಂದ ಒತ್ತಿ ಒತ್ತಿ ಗಂಧ ಬಿಡಿಸಿದರಂತೆ. ಎರಡನೇ ಅಚ್ಚು ಬಂತು. ಫ್ರಿಜ್ಜಿನ ಮೇಲಿರುವುದು ಅದೇ. ಒಂಬತ್ತು, ಬಾಲ ಸಮೇತ ಸ್ಪಷ್ಟವಾಗಿ.

ನಾನು ಕುಣಿದಾಡಿಬಿಟ್ಟೆ. ಮೂವತ್ತು ವರ್ಷ ಟೆಸ್ಟಿಂಗ್ ಮಾಡಿದವಳ ಜಂಬವನ್ನೆಲ್ಲ ಸುರಿದು ಒಂದು ವರದಿ ಬರೆದೆ. ಗಣತಿಯ ಪುಟಗಳು, ದಿವಾಳಿ ನೋಟೀಸು, ಎರಡು ವಿಲಿಯಂಗಳ ವಂಶವೃಕ್ಷ, ಅಚ್ಚಿನ ಪ್ರತಿ. ಈ ಕೋವಿಗೆ ನೂರು ವರ್ಷ ದಾಟಿ ಬಹುಕಾಲವಾಗಿದೆ ಎಂಬುದನ್ನು ಬ್ರಹ್ಮ ಬಂದರೂ ಅಲ್ಲಗಳೆಯದ ಹಾಗೆ ಸಾಧಿಸಿದ್ದೆ. ಅದನ್ನು ತೆಗೆದುಕೊಂಡು ಬೋಪಣ್ಣ ಹೊರದೇಶಕ್ಕೆ ಸಾಮಾನು ಕಳಿಸುವ ಬೆಂಗಳೂರಿನ ಏಜೆಂಟರೊಬ್ಬರ ಬಳಿಗೆ ಹೋದ. ಸಂಜೆ ಫೋನ್ ಬಂತು.

“ಆಂಟಿ, ಪೇಪರ್ ಓದಿ ಅವರು ಕೈ ಮುಗಿದ್ರು. ನೂರು ವರ್ಷ ದಾಟಿದ್ರೆ ಅದು ಪುರಾತನ ವಸ್ತು ಅಂತೆ. ಇಂಡಿಯಾ ಬಿಟ್ಟು ಹೊರಗೆ ಕಳಿಸೋ ಹಾಗೇ ಇಲ್ವಂತೆ. ಇಷ್ಟು ಪ್ರೂಫ್ ಬೇರೆ ಕೊಟ್ಟಿದ್ದೀರಲ್ಲ, ಇನ್ನೇನು ಮಾಡೋಕಾಗಲ್ಲ ಅಂದ್ರು.”

ಒಳಗೆ ಬಿಡುವವರಿಗೆ ಹಳೆಯದಾಗಿರಬೇಕು, ಹೊರಗೆ ಬಿಡುವವರಿಗೆ ಹಳೆಯದಾಗಿರಬಾರದು. ಅಮೆರಿಕದ ಬಾಗಿಲನ್ನೇ ನೋಡುತ್ತ ಕೂತಿದ್ದ ನಾನು ಇಂಡಿಯಾದ ಬಾಗಿಲನ್ನು ಟೆಸ್ಟ್ ಮಾಡಿಯೇ ಇರಲಿಲ್ಲ. ಎರಡು ದೇಶದ ನಡುವೆ ಬದುಕುವ ನಮ್ಮಂಥವರು ಮಾತ್ರ ಮಾಡುವ ಎಡವಟ್ಟು ಇದು. ವೀಸಾ ಸಿಕ್ಕಿತು ಎಂದು ಕುಣಿಯುವಾಗ ಪಾಸ್‌ಪೋರ್ಟಿನ ಅವಧಿ ಮುಗಿದದ್ದು ನೋಡಿರುವುದಿಲ್ಲ. ನನಗೆ ಅಳು ಬಂತು, ನಾಚಿಕೆ ಎನ್ನುವುದಕ್ಕಿಂತ ಬರೀ ದುಃಖ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ರಾಲಿಗೆ ಹೋದೆವು. ದಾರಿಯುದ್ದಕ್ಕೂ ರಿಚ್ಮಂಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ತಿದ್ದಿಕೊಂಡೆ. ಅಂಕಲ್ ಬಹಳ ಇಳಿದುಹೋಗಿದ್ದರು, ಸ್ವೆಟರ್ ಒಳಗೆ ಮೈಯೇ ಇಲ್ಲದ ಹಾಗೆ. ಕೇಳಿ ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂದು ಕಾವೇರಿ ಓಡಿಬಂದಳು.

“ಡ್ಯಾಡ್, ಸ್ಲೋ ಡೌನ್, ಪ್ಲೀಸ್. ಮಾತು ಬೇಡ.”

“ನನಗೂ ಅದಕ್ಕೂ ಒಂದೇ ಗತಿ ಆಯ್ತಲ್ಲ ವತ್ಸಲಾ” ಎಂದರು ಅಂಕಲ್. “ಈ ಸಿಲಿಂಡರ್ ಇಟ್ಕೊಂಡು ನನ್ನನ್ನ ಯಾವ ಪ್ಲೇನ್ ಹತ್ತಿಸ್ತದೆ? ಅದು ಅಲ್ಲಿಂದ ಹೊರಡೋ ಹಾಗಿಲ್ಲ, ನಾನು ಇಲ್ಲಿಂದ ಹೊರಡೋ ಹಾಗಿಲ್ಲ.”

ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದರು. “ಬೋಪಣ್ಣ ಅಲ್ಲೇ ಹೊಡೀಲಿ. ಫೋನ್ ಉಂಟಲ್ಲ. ನನ್ನ ಹತ್ರ ಇಟ್ಟು ಕೇಳಿಸು. ಅದು ನಿನ್ನ ಡಿಪಾರ್ಟ್‌ಮೆಂಟ್.”

“ಆಂಟಿ, ಹಿ ಮೀನ್ಸ್ ಅಟ್ ದ ಫ್ಯೂನರಲ್?” ಎಂದಳು ಕಾವೇರಿ. ಅವಳ ಕಣ್ಣು ತುಂಬಿತ್ತು. ಅಪ್ಪನ ಎದುರಿಗೇ ಆ ಮಾತು ಆಡುತ್ತಿದ್ದೇವೆ ಎಂದು ಅವಳಿಗೆ ಸಹಿಸಲಾಗಲಿಲ್ಲ. ಅಂಕಲ್ ಮಗುವನ್ನು ಸಂತೈಸುವಂತೆ ಅವಳ ಬೆನ್ನು ಸವರಿ, “ಯೆಸ್ ಕುಂಞಿ, ಐ ಮೀನ್ ದಟ್” ಎಂದರು.

ಈ ಸಲ ಎಡವಬಾರದು ಎಂದು ಪಣ ತೊಟ್ಟೆ. ಬೋಪಣ್ಣನ ಮನೆಯ ಅಂಗಳದಲ್ಲಿ ನೆಟ್‌ವರ್ಕ್ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಮೂಲೆ ಮೂಲೆಯಲ್ಲಿ ನಿಲ್ಲಿಸಿ ನೋಡಿದೆ. ಬ್ಯಾಟರಿ, ಅದಕ್ಕೊಂದು ಬದಲಿ ಬ್ಯಾಟರಿ, ಫೋನ್ ನಿಲ್ಲಿಸಲು ಸ್ಟ್ಯಾಂಡು. ಈ ಕಡೆ ಸ್ಪೀಕರು. ಮಾತು ಕೇಳಿಸುತ್ತದೆಯೇ, ಚಿತ್ರ ನಿಲ್ಲುತ್ತದೆಯೇ, ಎಲ್ಲ ಆಯಿತು. ಉಳಿದದ್ದು ಒಂದೇ.

“ಬೋಪಣ್ಣ, ಒಂದ್ಸಲ ಹೊಡೆದು ನೋಡೋಣ್ವಾ?” ಎಂದೆ.

ಅವನು ದಂಗಾದ. “ಏನಾಂಟಿ ನೀವು! ಎರಡು ಹೊಡೆದ್ರೆ ಊರೆಲ್ಲ ಕೆಲಸ ಬಿಟ್ಟು ಸಾವಿಗೆ ಬರ್ತದೆ. ಬಲ್ಯಪ್ಪ ಇನ್ನೂ ಬದುಕಿದ್ದಾರೆ.” ದೊಡ್ಡಪ್ಪನನ್ನು ಅವರು ಬಲ್ಯಪ್ಪ ಎನ್ನುತ್ತಾರೆ.

“ಹಾಗಾದ್ರೆ ಒಂದೇ ಒಂದು?”

“ಒಂದು ಹೊಡೆದ್ರೆ ಯಾರಿಗೆ ಗಂಡು ಮಗು ಅಂತ ಸ್ವೀಟ್ ಕೇಳ್ಕೊಂಡು ಬರ್ತಾರೆ. ನಂಗಿನ್ನೂ ಮದ್ವೆ ಆಗಿಲ್ಲ ಆಂಟಿ!”

ಇಬ್ಬರೂ ನಕ್ಕೆವು. ಬದುಕಿರುವವರ ಹೆಸರಿನಲ್ಲಿ ಟೆಸ್ಟ್ ಮಾಡುವಂಥದ್ದಲ್ಲ ಅದು, ನನಗೂ ಗೊತ್ತಿತ್ತು. ಅದನ್ನು ಬಿಟ್ಟುಬಿಟ್ಟೆವು.

ಚೆಂಗಪ್ಪ ಅಂಕಲ್ ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಿದ್ದೆಯಲ್ಲೇ ಹೋದರು. ಊರಿನಲ್ಲಿ ಇನ್ನೂ ಬೆಳಕಿರುವಾಗಲೇ ಆಗಬೇಕೆಂದು ಕಾವೇರಿ ಹಟ ಹಿಡಿದು ಬೆಳಿಗ್ಗೆ ಎಂಟಕ್ಕೇ ಫ್ಯೂನರಲ್ ಹೋಮಿನ ಕೋಣೆ ತೆಗೆಸಿದ್ದಳು. ರಾಲಿಯ ಒಂದಷ್ಟು ಕನ್ನಡದವರು, ಅವರ ಹಳೆಯ ಲ್ಯಾಬಿನ ಇಬ್ಬರು ಮುದುಕರು, ನಾವು. ಅಂಕಲ್‌ಗೆ ಬಿಳಿ ಕುಪ್ಯ, ಅವರ ಕಡೆಯ ಉದ್ದ ನಿಲುವಂಗಿ, ತೊಡಿಸಿ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿದ್ದರು. ಪೆಟ್ಟಿಗೆಯ ತಲೆಯ ಕಡೆ ಒಂದು ಸ್ಟೂಲಿನ ಮೇಲೆ ನಾನು ಸ್ಪೀಕರ್ ಇಟ್ಟೆ, ಅವರ ಕಿವಿಗೆ ಹತ್ತಿರವಾಗಿ. ಎಲ್ಲರಿಗೂ ಕಾಣಲೆಂದು ಗೋಡೆಯ ಟಿವಿಗೂ ಜೋಡಿಸಿದ್ದೆ. ಆಗಲೂ ಒಳಗಿನ ಪುಕ್ಕಲಿ ಸದ್ದಿಗೆ ತಯಾರಾಗಿ ಹಲ್ಲು ಕಚ್ಚಿ ನಿಂತಿದ್ದಳು.

ಟಿವಿಯಲ್ಲಿ ಕೊಡಗಿನ ಸಂಜೆ. ಬೋಪಣ್ಣ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತಿದ್ದ. ಹಿಂದೆ ಅವನ ಅಮ್ಮ, ಕೈಯಲ್ಲಿ ದೀಪ. ಅವನು ಕೋವಿ ಎತ್ತಿ ಆಕಾಶಕ್ಕೆ ಹಿಡಿದ. ಅವನ ಹೆಗಲು ಹಿಂದಕ್ಕೆ ಜಗ್ಗಿತು. ತಕ್ಷಣ ಮತ್ತೊಮ್ಮೆ ಜಗ್ಗಿತು. ಬಿಳಿ ಹೊಗೆ ದಟ್ಟವಾಗಿ ಎದ್ದು ಅವನ ತಲೆಯನ್ನು ಮುಚ್ಚಿತು. ಹಿಂದಿನ ಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಸದ್ದು ಬರಲಿಲ್ಲ.

ನಾವೆಲ್ಲ ಕಾಯುತ್ತಿದ್ದೆವು. ದೂರದಿಂದ ಬರಬೇಕಲ್ಲ, ತಡವಾಗುತ್ತದೆ ಎನ್ನುವ ಹಾಗೆ. ಹೊಗೆ ಕರಗಿತು. ಹಕ್ಕಿಗಳು ಮರಕ್ಕೆ ಮರಳತೊಡಗಿದವು. ಕಾವೇರಿ ನನ್ನ ತೋಳು ಹಿಡಿದು, “ಆಂಟಿ, ಈಸ್ ಇಟ್ ಆನ್ ಮ್ಯೂಟ್?” ಎಂದು ಪಿಸುಗುಟ್ಟಿದಳು. ಮ್ಯೂಟ್ ಆಗಿರಲಿಲ್ಲ. ಏನಾಗಿತ್ತು ಎಂದು ನನಗೆ ಆ ಕ್ಷಣವೇ ಹೊಳೆಯಿತು, ನನ್ನ ಕಸುಬೇ ಅದಲ್ಲವೇ. ಈಗಿನ ಕಾಲಿಂಗ್ ಸಾಫ್ಟ್‌ವೇರಿಗೆ ಮನುಷ್ಯರ ಮಾತು ಬೇಕು, ಬೇರೆ ಗದ್ದಲ ಬೇಡ. ನಾಯಿ ಬೊಗಳಿದರೆ, ಕುಕ್ಕರ್ ಕೂಗಿದರೆ, ಬಾಗಿಲು ಬಡಿದರೆ ಅದು ಒಳ್ಳೆಯ ಬುದ್ಧಿಯಿಂದ ಒರೆಸಿಹಾಕುತ್ತದೆ. ಅಂಕಲ್ ಮನೆಯ ಕೋವಿಯ ಸ್ವರವನ್ನೂ ಗದ್ದಲವೆಂದು ಒರೆಸಿಹಾಕಿತ್ತು. ಎರಡನ್ನೂ. ಮತ್ತೊಮ್ಮೆ ಹೊಡಿ ಎಂದು ಹೇಳುವ ಹಾಗಿರಲಿಲ್ಲ. ಒಬ್ಬ ಮನುಷ್ಯನಿಗೆ ಎರಡೇ.

ಅಷ್ಟರಲ್ಲಿ ಗದ್ದೆಯ ಆಚೆಯಿಂದ ಯಾರೋ ಅವರ ಮಾತಿನಲ್ಲಿ ಕೂಗಿ ಕೇಳಿದ್ದು ಸ್ಪೀಕರಿನಲ್ಲಿ ತೀರ ಸಣ್ಣಗೆ ಬಂತು. ಬೋಪಣ್ಣನ ಅಮ್ಮ ಅತ್ತ ತಿರುಗಿ ಚೆಂಗಪ್ಪ ಅಂಕಲ್‌ರ ಮನೆತನದ ಹೆಸರನ್ನೂ ಅವರ ಹೆಸರನ್ನೂ ಎತ್ತಿ ಕೂಗಿ ಹೇಳಿದರು. ಬೋಪಣ್ಣ ಕೋವಿಯನ್ನು ಕೆಳಗಿಟ್ಟು ಫೋನಿನ ಹತ್ತಿರ ಬಂದ. ಅವನ ಮುಖ ಟಿವಿಯ ತುಂಬ ತುಂಬಿಕೊಂಡಿತು. ಹಣೆಯ ಮೇಲೆ ಮಸಿ ಹತ್ತಿತ್ತು, ಕಣ್ಣಲ್ಲಿ ನೀರಿತ್ತು. ಅವನು ನನ್ನನ್ನು ಕೇಳಲಿಲ್ಲ, ಕಾವೇರಿಯನ್ನೂ ಕೇಳಲಿಲ್ಲ.

“ಬಲ್ಯಪ್ಪ, ಕೇಳಿಸ್ತಾ?” ಎಂದ.

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.

“ಕೇಳಿಸ್ತು ಬೋಪಣ್ಣ” ಎಂದೆ. “ಎರಡೂ ಚೆನ್ನಾಗಿ ಕೇಳಿಸ್ತು.”